ಹಳೇ ಹೋಟೆಲಿನ ಹಾಸಿಗೆ ಅಷ್ಟು ಹಿತ ಯಾಕೆ?

ಮೈಸೂರಿನ ಲಲಿತಮಹಲ್‌ನಲ್ಲೋ ಮುಂಬೈನ ತಾಜ್‌ನಲ್ಲೋ ಒಂದು ರಾತ್ರಿ ಕಳೆದು ಬಂದವರು ಊಟಕ್ಕಿಂತ ಜಾಸ್ತಿ ಹೊಗಳುವುದು ಹಾಸಿಗೆಯನ್ನು. “ಮಲಗಿದ್ದಷ್ಟೇ ಗೊತ್ತು, ಬೆಳಗಾಗಿದ್ದು ಗೊತ್ತಿಲ್ಲ” ಅನ್ನುತ್ತಾರೆ. ಊರಿಗೆ ಬಂದ ಮೇಲೆ ಅಂಥದ್ದೇ ಒಂದು ಮನೆಗೂ ಬೇಕು ಅನಿಸುತ್ತದೆ. ಕಾರವಾರದಲ್ಲೋ ಶಿರಸಿಯಲ್ಲೋ ಅಂಗಡಿ ಹುಡುಕಿ, ಒಳ್ಳೇ ದುಡ್ಡು ಕೊಟ್ಟು, ದಪ್ಪನೆಯ ಸ್ಪ್ರಿಂಗ್ ಹಾಸಿಗೆ ತರುತ್ತಾರೆ. ಜನವರಿಯಲ್ಲಿ ಚೆನ್ನಾಗಿಯೇ ಇರುತ್ತದೆ. ಜುಲೈ ಬರಲಿ, ಮೈಯೆಲ್ಲ ಅಂಟು ಅಂಟು, ಚಾದರ ಮುಟ್ಟಿದರೆ ತಣ್ಣಗೆ ಥಂಡಿ, ದಿಂಬಿಗೆ ಮುಗ್ಗಲು ವಾಸನೆ. ನಿದ್ದೆ ಎಲ್ಲಿಂದ ಬರಬೇಕು?

ಆ ಹೋಟೆಲಿನಲ್ಲಿ ಹಿತ ಕೊಟ್ಟಿದ್ದು ಹಾಸಿಗೆ ಒಂದೇ ಅಲ್ಲ. ಮಂಚ, ಗಾದಿ, ಚಾದರ, ದಿಂಬು, ಗೋಡೆ, ಮಾಡು, ಕೋಣೆಯ ಗಾಳಿ ಎಲ್ಲ ಸೇರಿ ಆ ಸುಖ. ಅದರಲ್ಲೂ ನಮ್ಮ ಕಡೆಯವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅಂತ ನನಗನಿಸುತ್ತದೆ. ಹಾಸಿಗೆ ಮೆತ್ತಗಿರುವುದಕ್ಕಿಂತ ಒಣಗಿರುವುದು ಮುಖ್ಯ. ಯಾಕೆ ಅಂತ ಒಂದೊಂದಾಗಿ ನೋಡೋಣ. ಊರು ಬಿಟ್ಟು ಹೋದಾಗ ರೂಮು ಆರಿಸುವುದಕ್ಕೂ, ಹಳೇ ಮನೆಯನ್ನು ಹೋಂಸ್ಟೇ ಮಾಡಿಕೊಂಡವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಮೆತ್ತಗೆಯ ವಿಷಯ ಮುಗಿಸಿಬಿಡೋಣ. ಮಲಗಿದಾಗ ಮೈಭಾರವೆಲ್ಲ ಭುಜ, ಸೊಂಟ, ಹಿಮ್ಮಡಿಯಂಥ ಕೆಲವೇ ಜಾಗಗಳ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ಒತ್ತಿ, ರಕ್ತ ಓಡುವುದು ಕಡಿಮೆಯಾಗುತ್ತದೆ. ಆಗ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ. ತೀರಾ ಗಟ್ಟಿ ಹಾಸಿಗೆಯಲ್ಲಿ ಭುಜ, ಸೊಂಟ ನೋಯುತ್ತವೆ. ತೀರಾ ಮೆತ್ತಗಿದ್ದರೆ ಸೊಂಟ ಹೂತುಹೋಗಿ ಬೆನ್ನು ಬಾಗುತ್ತದೆ, ಮಗ್ಗುಲು ಬದಲಿಸುವುದೇ ಕಷ್ಟವಾಗುತ್ತದೆ. ಬೆನ್ನುನೋವಿಗೆ ನೆಲವೇ ಮದ್ದು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಸ್ಪೇನ್ ದೇಶದಲ್ಲಿ ತುಂಬಾ ದಿನದಿಂದ ಬೆನ್ನುನೋವಿದ್ದ 313 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಅರ್ಧ ಜನಕ್ಕೆ ಗಟ್ಟಿ ಹಾಸಿಗೆ, ಇನ್ನರ್ಧಕ್ಕೆ ಮಧ್ಯಮ ಗಟ್ಟಿಯದು. 90 ದಿನ ಕಳೆದ ಮೇಲೆ ಜಾಸ್ತಿ ಆರಾಮ ಕಂಡಿದ್ದು ಮಧ್ಯಮ ಹಾಸಿಗೆಯವರಿಗೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಒಳ್ಳೇ ಹೋಟೆಲುಗಳು ಮಧ್ಯಮ ಗಟ್ಟಿಯ ಹಾಸಿಗೆ ಹಾಕಿ, ಮೇಲೆ ಎರಡು ಇಂಚಿನ ಮೆತ್ತನೆಯ ಟಾಪರ್ ಹಾಸುವುದಕ್ಕೆ ಕಾರಣ ಇದೇ. ಕೆಳಗಿನದು ಬೆನ್ನು ಹಿಡಿಯುತ್ತದೆ, ಮೇಲಿನದು ಭುಜ ಕಾಯುತ್ತದೆ.

ಸ್ಪ್ರಿಂಗ್ ಹಾಸಿಗೆಯ ಕತೆಯೂ ಹೋಟೆಲುಗಳ ಜೊತೆಜೊತೆಗೇ ಬೆಳೆದಿದ್ದು. ಬೆಂಗಳೂರಿನ ವೆಸ್ಟ್ ಎಂಡ್ ಶುರುವಾಗಿದ್ದು 1887ರಲ್ಲಿ. ಲಂಡನ್ನಿನ ಸವಾಯ್ 1889ರಲ್ಲಿ, ಪ್ಯಾರಿಸ್ಸಿನ ರಿಟ್ಜ್ 1898ರಲ್ಲಿ, ಮುಂಬೈನ ತಾಜ್ 1903ರಲ್ಲಿ ಬಾಗಿಲು ತೆರೆದವು. ಇದೇ ಕಾಲದಲ್ಲಿ, 1900ರ ಸುಮಾರಿಗೆ, ಜೇಮ್ಸ್ ಮಾರ್ಷಲ್ ಎಂಬವರು ಒಂದೊಂದು ಸ್ಪ್ರಿಂಗನ್ನೂ ಬೇರೆಬೇರೆ ಬಟ್ಟೆಯ ಚೀಲದಲ್ಲಿ ಹಾಕಿ ಹೊಲಿಯುವ ಉಪಾಯ ಕಂಡುಹಿಡಿದರು. ಸ್ಪ್ರಿಂಗುಗಳನ್ನು ತಂತಿಯಿಂದ ಒಂದಕ್ಕೊಂದು ಕಟ್ಟಿದ್ದರೆ ಒಬ್ಬರು ಹೊರಳಿದಾಗ ಇಡೀ ಹಾಸಿಗೆ ಅಲುಗುತ್ತದೆ. ಚೀಲದೊಳಗಿನ ಸ್ಪ್ರಿಂಗ್ ತನ್ನ ಮೇಲೆ ಬಿದ್ದ ಭಾರವನ್ನು ಮಾತ್ರ ಹೊರುತ್ತದೆ. ಕೈಕೆಲಸವಾದ್ದರಿಂದ ಶುರುವಿಗೆ ಅದು ಶ್ರೀಮಂತರ ವಸ್ತುವಾಗಿತ್ತು. 1925ರಲ್ಲಿ ಅಮೆರಿಕದ ಸಿಮ್ಮನ್ಸ್ ಕಂಪನಿ ಇದನ್ನು ಮಷಿನಿನಲ್ಲಿ ಮಾಡಿ ಮಾರಲು ತೊಡಗಿತು. ಇವತ್ತು ಅಂಗಡಿಯವರು ಪಾಕೆಟ್ ಸ್ಪ್ರಿಂಗ್ ಅನ್ನುವುದು ಇದಕ್ಕೇ. ಸವಾಯ್ ಹೋಟೆಲಂತೂ 1905ರಲ್ಲಿ ತನಗಾಗಿಯೇ ಬೇರೆ ಹಾಸಿಗೆ ಮಾಡಿಸಿಕೊಂಡಿತು. ಅದರ ಮೇಲುಪದರದಲ್ಲಿ ಸುರುಳಿ ಮಾಡಿದ ಕುದುರೆ ಬಾಲದ ಕೂದಲು ತುಂಬಿದ್ದರು. ಅಂಥ ಕೂದಲಿನ ನಡುವೆ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಚಳಿಯ ಊರಿನವರೂ ಹಾಸಿಗೆ ಒಣಗಿರಬೇಕು ಅಂತ ಅಷ್ಟು ತಲೆ ಕೆಡಿಸಿಕೊಂಡಿದ್ದರು.

ನಮಗೆ ನಿಜವಾಗಿ ಬೇಕಾದ ವಿಷಯ ಇಲ್ಲಿಂದ ಶುರು.

ನಿದ್ದೆ ಬರಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ರಾತ್ರಿಯಲ್ಲಿ ಅದು ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಕೆಳಗೆ ಬರುತ್ತದೆ. ಆ ಬಿಸಿ ಚರ್ಮದ ಮೂಲಕವೇ ಹೊರಗೆ ಹೋಗಬೇಕು. ಅದರ ಜೊತೆಗೆ ಉಸಿರು, ಬೆವರು ಎರಡೂ ಸೇರಿ ಒಂದು ರಾತ್ರಿಗೆ ಒಂದು ದೊಡ್ಡ ಲೋಟದಷ್ಟು ನೀರು ಮೈಯಿಂದ ಹೊರಗೆ ಬರುತ್ತದೆ. ಸೆಖೆ ಇದ್ದರೆ ಇನ್ನೂ ಜಾಸ್ತಿ. ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ಚಾದರಕ್ಕೆ, ಗಾದಿಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದ ಮೇಲೆ ಅದು ಆರಿಹೋದರೆ ಹಾಸಿಗೆ ಮತ್ತೆ ಸರಿಯಾಗುತ್ತದೆ. ಆರದಿದ್ದರೆ ಮರುದಿನ ಅದರ ಮೇಲೆ ಇನ್ನೊಂದು ಲೋಟ.

ಮಳೆಗಾಲದ ಕಾರವಾರದಲ್ಲಿ ಆರುವುದು ಹೇಗೆ? ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಇನ್ನಷ್ಟು ನೀರು ಹೀರಲು ಆ ಗಾಳಿಗೆ ಜಾಗವೇ ಇಲ್ಲ. ಹತ್ತಿ ಸುತ್ತಲಿನ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಡಬ್ಬದ ಮುಚ್ಚಳ ತೆಗೆದಿಟ್ಟ ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗುವ ಹಾಗೆ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ನೀರು ಹಿಡಿದುಕೊಂಡಿರುತ್ತದೆ. ಆಷಾಢದಲ್ಲಿ ಅದರ ಎರಡು ಪಟ್ಟೂ ಆಗಬಹುದು. ತೇವ ಆದ ಎಳೆಗಳು ಮೈಭಾರಕ್ಕೆ ಒತ್ತಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಗಾದಿ ಗಂಟು ಕಟ್ಟುವುದು ಹೀಗೆ. ಮಳೆ ಬಿಟ್ಟ ಮೇಲೆ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿದರೆ ನೀರು ಹೋಗಿ ಎಳೆ ಬಿಡಿಸಿಕೊಂಡು ಮತ್ತೆ ಉಬ್ಬುತ್ತದೆ. ಮನೆಯ ಹಿರಿಯರು ಅಕ್ಟೋಬರ್ ಬಿಸಿಲಿಗೆ ಕಾದು ಕೂರುತ್ತಿದ್ದುದು ಸುಮ್ನೆ ಅಲ್ಲ.

ತೇವಕ್ಕೆ ಇನ್ನೂ ಒಂದು ಕೆಡುಕು ಇದೆ. ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗೆ ಉಳಿದರೆ ಅವು ಒಣಗಿ ಸಾಯುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಅವುಗಳಿಗೆ ಹಬ್ಬ. ಹಾಸಿಗೆ ಬಿಟ್ಟು ಎದ್ದ ಕೂಡಲೇ ಸೀನು ಬರುವವರು ಈ ಲೆಕ್ಕ ಗಮನಿಸಬೇಕು.

ಹಾಗಾದರೆ ಯಾವ ಹಾಸಿಗೆ ತೇವ ತಡೆಯುತ್ತದೆ? ನನಗೆ ತುಂಬಾ ಇಷ್ಟವಾದದ್ದು ಬಿಳಿ ಬೂರುಗದ ಅರಳೆ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದಂಥ ಪದರ. ನೀರು ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಹಿಂದೆ ಹಡಗಿನವರು ಮುಳುಗದಂತೆ ತೊಡುವ ಜಾಕೆಟ್ಟುಗಳಿಗೆ ಇದನ್ನೇ ತುಂಬುತ್ತಿದ್ದರು. ಕರಾವಳಿಯ ಹಳೇ ಮನೆಗಳ ದಿಂಬು ಮಳೆಗಾಲದಲ್ಲೂ ಹಗುರವಾಗಿರುವುದು ಇದರಿಂದಲೇ. ವರ್ಷಗಳು ಕಳೆದಂತೆ ಎಳೆ ಮುರಿದು ಪುಡಿಯಾಗುತ್ತದೆ, ಆಗ ತುಂಬಿದ್ದನ್ನು ಬದಲಿಸಬೇಕು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಹಾಸಿಗೆಯಲ್ಲೂ ಗಾಳಿ ಚೆನ್ನಾಗಿ ಆಡುತ್ತದೆ. ಅದು ಸ್ವಲ್ಪ ಗಟ್ಟಿ, ಮೇಲೆ ಒಂದು ತೆಳ್ಳನೆಯ ಗಾದಿ ಹಾಸಿದರೆ ನಮ್ಮ ಹವೆಗೆ ಹೇಳಿ ಮಾಡಿಸಿದ ಜೋಡಿ. ತೂತುಗಳಿರುವ ಲೇಟೆಕ್ಸ್ ಕೂಡ ಪರವಾಗಿಲ್ಲ. ಮೆಮೊರಿ ಫೋಮ್ ಬಗ್ಗೆ ಮಾತ್ರ ಯೋಚನೆ ಮಾಡಿ. 1966ರಲ್ಲಿ ಅಮೆರಿಕದ ನಾಸಾ ವಿಮಾನದ ಸೀಟುಗಳಿಗಾಗಿ ಮಾಡಿಸಿದ್ದು ಅದು. ಮೈಬಿಸಿಗೆ ಮೆತ್ತಗಾಗಿ ಮೈಯನ್ನು ಸುತ್ತಿಕೊಳ್ಳುತ್ತದೆ. ಏಸಿ ಇರುವ ಕೋಣೆಯಲ್ಲಿ ಅದು ಹಿತ. ಕರೆಂಟು ಹೋದ ಅಂಕೋಲಾದ ರಾತ್ರಿಯಲ್ಲಿ ಅದೇ ಹಾಸಿಗೆ ಬೆನ್ನಿಗೆ ಬಿಸಿ ಕಟ್ಟುತ್ತದೆ.

ಹಾಸಿಗೆಯ ಕೆಳಗೆ ಏನಿದೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ಗೋವಾ ಕಡೆಯ, ನಮ್ಮ ಕಡೆಯ ಹಳೇ ಮನೆಗಳಲ್ಲಿ ಬೀಟೆ ಮಂಚಕ್ಕೆ ಬೆತ್ತದ ಹೆಣಿಗೆ ಇರುತ್ತಿತ್ತು. ಒಮ್ಮೆ ಬಗ್ಗಿ ನೋಡಿ. ಹೆಣಿಗೆಯ ಕಣ್ಣುಕಣ್ಣುಗಳಿಂದ ಬೆಳಕು ಕಾಣುತ್ತದೆ. ಬೆಳಕು ಬಂದಲ್ಲಿ ಗಾಳಿಯೂ ಬರುತ್ತದೆ. ಗಾದಿಗೆ ಇಳಿದ ತೇವ ಕೆಳಗಿನಿಂದಲೂ ಆರುತ್ತದೆ. ಬೆತ್ತ ಸ್ವಲ್ಪ ಬಾಗುವುದರಿಂದ ತೆಳ್ಳನೆಯ ಗಾದಿಯೂ ಮೆತ್ತಗೆ ಅನಿಸುತ್ತದೆ. ಇವತ್ತಿನ ಮಂಚಕ್ಕೆ ಪ್ಲೈವುಡ್ ಹಲಗೆ, ಅದರಡಿ ಸಾಮಾನು ತುಂಬುವ ಪೆಟ್ಟಿಗೆ. ತೇವ ಇಳಿದು ಹಲಗೆಯ ಮೇಲೆ ನಿಂತುಬಿಡುತ್ತದೆ. ಮಳೆಗಾಲದ ಕೊನೆಗೆ ಹಾಸಿಗೆ ಎತ್ತಿದರೆ ಕೆಳಗೆ ಕಪ್ಪು ಬೂಷ್ಟು. ಹೋಂಸ್ಟೇ ಮಾಡುವವರಿಗೆ ನನ್ನದೊಂದು ಕೋರಿಕೆ ಇದೆ. ಅಜ್ಜನ ಕಾಲದ ಬೆತ್ತದ ಮಂಚ ಅಟ್ಟದ ಮೇಲಿದ್ದರೆ ದಯವಿಟ್ಟು ಮಾರಬೇಡಿ, ಹೆಣಿಗೆ ರಿಪೇರಿ ಮಾಡಿಸಿ ಹಾಕಿ. ಹೊಸ ಮಂಚವೇ ಆಗಬೇಕೆಂದರೆ ನಡುನಡುವೆ ಸಂದು ಬಿಟ್ಟ ಪಟ್ಟಿಗಳದ್ದು ಮಾಡಿಸಿ.

ಈಗ ಚಾದರ. ಹೋಟೆಲಿನ ಬಿಳಿ ಚಾದರದ ಮೇಲೆ ಮಲಗಿದ ಕೂಡಲೇ ಆಗುವ ಆ ತಣ್ಣನೆಯ, ಗರಿಗರಿ ಸುಖ ಇದೆಯಲ್ಲ, ಅದು ನೇಯ್ಗೆಯಿಂದ ಬರುವಂಥದ್ದು. ಎಳೆ ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ ಬರುವ ಸಾದಾ ನೇಯ್ಗೆಗೆ ಪರ್ಕೇಲ್ ಅನ್ನುತ್ತಾರೆ. ಅದು ಮೈಗೆ ಅಂಟುವುದಿಲ್ಲ, ಗಾಳಿ ಬಿಡುತ್ತದೆ. ಎಳೆ ಮೂರು ನಾಲ್ಕರ ಮೇಲೆ ಹಾದು ಒಂದರ ಕೆಳಗೆ ಹೋದರೆ ಸ್ಯಾಟೀನ್. ಅದು ನುಣ್ಣಗೆ, ಮಿರಿಮಿರಿ, ಆದರೆ ಸ್ವಲ್ಪ ಬೆಚ್ಚಗೆ. ನಮ್ಮ ಕರಾವಳಿಗೆ ಪರ್ಕೇಲೇ ಸರಿ. ಶಿರಸಿಯ ಡಿಸೆಂಬರ್ ಚಳಿಗೆ ಸ್ಯಾಟೀನ್ ಆಗಬಹುದು.

ಥ್ರೆಡ್ ಕೌಂಟ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಚದರ ಇಂಚಿನಲ್ಲಿ ಹಾಸು, ಹೊಕ್ಕು ಎರಡೂ ಸೇರಿ ಎಷ್ಟು ಎಳೆ ಇದೆ ಅನ್ನುವ ಲೆಕ್ಕ ಅದು. 200ರಿಂದ 400ರವರೆಗೆ ಇದ್ದರೆ ಧಾರಾಳ ಆಯಿತು. 1000 ಅಂತ ಬರೆದಿದ್ದರೆ ಅಲ್ಲಿ ಸಾಮಾನ್ಯವಾಗಿ ಎರಡು ಮೂರು ಸಣ್ಣ ಎಳೆ ಹೊಸೆದ ನೂಲನ್ನು ಎರಡು ಮೂರಾಗಿ ಎಣಿಸಿರುತ್ತಾರೆ. ಬಟ್ಟೆ ದಪ್ಪವಾಗಿ ಗಾಳಿ ಆಡುವುದು ಕಡಿಮೆಯಾಗುತ್ತದೆ, ದುಡ್ಡು ಮಾತ್ರ ಜಾಸ್ತಿ. ಪಾಲಿಯೆಸ್ಟರ್ ಬೆರೆಸಿದ್ದು ಬೇಗ ಒಣಗುತ್ತದೆ ಅಂತ ಸಣ್ಣ ಲಾಜುಗಳಲ್ಲಿ ಹಾಕುತ್ತಾರೆ. ಅದು ನಿಜವೂ ಹೌದು. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟೂ ನೀರು ಹೀರುವುದಿಲ್ಲ. ಹಾಗಾಗಿ ಬೆವರು ಚರ್ಮದ ಮೇಲೆಯೇ ಉಳಿದು ಪಿಚಪಿಚ ಅನ್ನುತ್ತದೆ.

ಸಂಖ್ಯೆಗಿಂತ ಎಳೆಯ ಉದ್ದ ನೋಡಬೇಕು. ಉದ್ದ ಎಳೆಯ ಹತ್ತಿಯಿಂದ ನುಣ್ಣನೆಯ, ಗಟ್ಟಿ ನೂಲು ಬರುತ್ತದೆ. ಗಿಡ್ಡ ಎಳೆ ಒರಟಾಗಿ ಪುಟಿಯುತ್ತದೆ, ಗಾದಿಗೆ ಅದೇ ಒಳ್ಳೆಯದು. ಧಾರವಾಡದ ಕೃಷಿ ವಿಜ್ಞಾನಿಗಳು ಬೆಳೆಸಿದ ಜಯಲಕ್ಷ್ಮಿ ಎಂಬ ಹೈಬ್ರಿಡ್ ತಳಿ ದೇಶದಲ್ಲೇ ಹೆಸರಾದ ಉದ್ದ ಎಳೆಯ ಹತ್ತಿ. ಹತ್ತಿಯ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇನ್ನೂ ಹಳೇ ನಂಟು ಇದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ಘಟ್ಟದ ಮೇಲಾದರೂ ಪೇಟೆಯಲ್ಲಿ ಅದನ್ನು ಕರೆಯುತ್ತಿದ್ದುದು ಕುಮಟಾ ಹತ್ತಿ ಅಂತಲೇ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಇದಕ್ಕೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲು ಇದ್ದ ಕಾರಣಗಳಲ್ಲಿ ಕಾರವಾರ ಬಂದರು ಮತ್ತು ಹತ್ತಿ ವ್ಯಾಪಾರ ಕೂಡ ಒಂದು. ಹತ್ತಿ ಗಾಡಿ ಓಡಾಡಿದ ಘಟ್ಟದಲ್ಲೇ ಇಂದು ನಾವು ಕಾರಿನಲ್ಲಿ ಹೋಟೆಲ್ ಹುಡುಕಿಕೊಂಡು ಹೋಗುತ್ತೇವೆ.

ಎಷ್ಟು ಒಳ್ಳೇ ಚಾದರ ಆದರೂ ಒಣಗದಿದ್ದರೆ ಎಲ್ಲ ವ್ಯರ್ಥ. ದೊಡ್ಡ ಹೋಟೆಲುಗಳು ಗೆಲ್ಲುವುದು ಇಲ್ಲೇ. ಒಂದು ಮಂಚಕ್ಕೆ ಕಡಿಮೆ ಅಂದರೂ ಮೂರು ಜೊತೆ ಚಾದರ ಇಡುತ್ತಾರೆ. ಒಂದು ಮಂಚದ ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಒಗೆದದ್ದನ್ನು ಬಿಸಿ ಉರುಳೆಗಳ ನಡುವೆ ಹಾಯಿಸುತ್ತಾರೆ. ಇಸ್ತ್ರಿಯೂ ಆಯಿತು, ಉಳಿದ ತೇವವೂ ಹೋಯಿತು. ಗಾಳಿ ತಂಪು ಮಾಡುವುದರ ಜೊತೆಗೆ ಏಸಿ ಕೂಡ ಮಾಡುವ ಕೆಲಸ ಇದೇ. ತಣ್ಣನೆಯ ಕೊಳವೆಗೆ ತಗುಲಿದ ಗಾಳಿಯ ನೀರು ಹನಿಯಾಗಿ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ರೂಮಿಗೆ ಹೋದವರು 18ಕ್ಕೆ ಇಟ್ಟು ನಡುಗುವ ಬದಲು 26ಕ್ಕೆ ಇಟ್ಟು ಫ್ಯಾನು ಹಾಕಿ, ಇಲ್ಲವೇ ಡ್ರೈ ಮೋಡ್ ಒತ್ತಿ.

ಸಣ್ಣ ಹೋಂಸ್ಟೇಯವರಿಗೆ ಅಷ್ಟೆಲ್ಲ ಯಂತ್ರ ಆಗುವುದಿಲ್ಲ. ಆದರೆ ಶಿರಸಿ, ಸಿದ್ದಾಪುರದ ಮನೆಗಳಿಗೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹೊಸತೇನಲ್ಲ. ಬಚ್ಚಲೊಲೆಯ ಹತ್ತಿರ ಗಳ ಕಟ್ಟಿ ಒಣಗಿಸಿಯೇ ಬಂದಿದ್ದಾರೆ. ಹೊಗೆ ವಾಸನೆ ಹಿಡಿಯದಂತೆ ಅದೇ ಗೋಡೆಯ ಆಚೆ ಬದಿಗೆ ಒಂದು ಸಣ್ಣ ಒಣಗಿಸುವ ಕೋಣೆ ಮಾಡಿ, ಒಂದು ಫ್ಯಾನು ಹಾಕಿದರೆ ತುಂಬಾ ವ್ಯತ್ಯಾಸ ಆಗುತ್ತದೆ. ಹಾಸಿಗೆ ದುಬಾರಿಯದು ತರುವ ದುಡ್ಡಿನಲ್ಲಿ ಮೊದಲು ಇದನ್ನು ಮಾಡಿ.

ಹಳೇ ಕಟ್ಟಡಕ್ಕೂ ನಿದ್ದೆಗೂ ಇರುವ ಸಂಬಂಧ ಇನ್ನೂ ಕುತೂಹಲದ್ದು. 1921ರಲ್ಲಿ ವೈಸ್‌ರಾಯ್ ಉಳಿದುಕೊಳ್ಳಲೆಂದು ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಅಂಥ ಕಟ್ಟಡಗಳ ಮಾಡು ಎತ್ತರ. ಬಿಸಿ ಗಾಳಿ ಮೇಲೆ ಹೋಗಿ ನಿಲ್ಲುತ್ತದೆ, ಮಲಗಿದವರ ಮಟ್ಟದಲ್ಲಿ ತಂಪು ಉಳಿಯುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನಕ್ಕೆ ಹೀರುತ್ತದೆ. ಸುಣ್ಣದ ಗಾರೆ ತೇವವನ್ನು ಸ್ವಲ್ಪ ಎಳೆದುಕೊಂಡು, ಗಾಳಿ ಒಣಗಿದಾಗ ವಾಪಸ್ ಬಿಡುತ್ತದೆ. ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದ ಗೋಡೆ ಹಾಗೆ ಮಾಡುವುದಿಲ್ಲ, ನೀರು ಬೆವರಿನಂತೆ ಮೇಲೆಯೇ ಕೂರುತ್ತದೆ.

ಆದರೆ ದಪ್ಪ ಗೋಡೆ ಎಲ್ಲ ಕಡೆಯೂ ಒಂದೇ ಥರ ಕೆಲಸ ಮಾಡುವುದಿಲ್ಲ. ಮೈಸೂರಿನಲ್ಲಿ ಬೇಸಿಗೆಯ ಹಗಲು ಬಿಸಿ, ರಾತ್ರಿ ತಂಪು. ಗೋಡೆ ಹೀರಿದ ಬಿಸಿ ರಾತ್ರಿಯ ತಂಪು ಗಾಳಿಗೆ ಹೋಗಿಬಿಡುತ್ತದೆ. ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ವ್ಯತ್ಯಾಸ ಕಡಿಮೆ, ಮಳೆಗಾಲದಲ್ಲಿ ನಾಲ್ಕೈದು ಡಿಗ್ರಿ ಅಷ್ಟೇ. ಹೀರಿದ ಬಿಸಿ ಹೋಗಲು ಜಾಗ ಸಿಗುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಗೋಡೆಗಿಂತ ಗಾಳಿಯನ್ನು ನಂಬಿದರು. ಚಿರೆಕಲ್ಲಿನ ಗೋಡೆ ಇದ್ದರೂ ಎದುರುಬದುರು ಕಿಟಕಿ, ಉದ್ದನೆಯ ಜಗಲಿ, ಸಂದುಗಳಿಂದ ಉಸಿರಾಡುವ ಮಂಗಳೂರು ಹಂಚಿನ ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಅದು ಕರಾವಳಿಯುದ್ದಕ್ಕೂ ಹಬ್ಬಿತು. ಇಂಥ ಮನೆಯನ್ನು ಹೋಟೆಲು ಮಾಡುವಾಗ ಹಂಚಿನಡಿ ಪಿಒಪಿ ಸೀಲಿಂಗ್ ಹೊಡೆದು, ಕಿಟಕಿಗೆ ಗಾಜು ಜಡಿದು, ನೆಲಕ್ಕೆ ಕಾರ್ಪೆಟ್ ಹಾಸಿಬಿಟ್ಟರೆ ಅದರ ಜೀವವೇ ಹೋದಂತೆ. ಆಮೇಲೆ ಏಸಿ ನಿಲ್ಲಿಸಿದ ಅರ್ಧ ಗಂಟೆಗೆ ಮುಗ್ಗಲು ವಾಸನೆ.

ನಮ್ಮ ಜಿಲ್ಲೆಯ ಹೊದಿಕೆಯೊಂದರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ಹಳೇ ಸೀರೆ, ಪಂಚೆ, ಅಂಗಿಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿನ ಕಡೆಗೆ ಬರುತ್ತಾರೆ. ಒಂದೊಂದು ಹೊಲಿಗೆಯ ಸಾಲೂ ಹಿಂದಿನ ಸಾಲಿನ ಪಕ್ಕದಲ್ಲೇ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ಹೂ ಇಡುತ್ತಾರೆ. ನೂರು ಸಲ ಒಗೆದ ಹತ್ತಿ ಬಟ್ಟೆ ಮೈಗೆ ಎಷ್ಟು ಮೆತ್ತಗೆ ಅಲ್ವಾ? ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಚಳಿ ತಡೆಯುತ್ತದೆ, ಹತ್ತಿಯಾದ್ದರಿಂದ ಉಬ್ಬೆಯೂ ಆಗುವುದಿಲ್ಲ. ಹೋಂಸ್ಟೇಯವರು ಮಿಂಕ್ ರಗ್ಗಿನ ಬದಲು ಇದನ್ನು ಹೊದೆಸಲಿ, ಹೊಲಿದವರಿಗೆ ಸರಿಯಾದ ಬೆಲೆಯನ್ನೂ ಕೊಡಲಿ.

ರೂಮು ಆರಿಸುವಾಗ ಏನು ಕೇಳಬೇಕು? ಹಳೇ ಪೇಟೆಯ ಹೋಟೆಲ್ ಆದರೆ ರಸ್ತೆ ಕಡೆಯದು ಬೇಡ, ಒಳಗಿನ ಅಂಗಳದ ಕಡೆಯದು ಕೊಡಿ ಅನ್ನಿ. ಪಣಜಿಯ ಫೊಂತೈನ್ಹಾಸ್‌ನಂಥ ಕಿರಿದಾದ ಓಣಿಗಳಲ್ಲಿ ಬೈಕಿನ ಸದ್ದು ಗೋಡೆಗಳ ನಡುವೆ ದೊಡ್ಡದಾಗಿ ಕೇಳುತ್ತದೆ. ಮರದ ನೆಲ ಇದ್ದರೆ ಮೇಲಿನ ಮಹಡಿಯೇ ಒಳ್ಳೆಯದು, ಇಲ್ಲವಾದರೆ ರಾತ್ರಿಯಿಡೀ ತಲೆ ಮೇಲೆ ಯಾರೋ ನಡೆಯುತ್ತಾರೆ. “ಹಾಸಿಗೆ ಯಾವುದು, ಹಾಕಿ ಎಷ್ಟು ವರ್ಷ ಆಯ್ತು?” ಅಂತ ಫೋನಿನಲ್ಲಿ ಕೇಳಲು ಸಂಕೋಚ ಬೇಡ. ಚೆನ್ನಾಗಿ ನಡೆಸುವವರು ಖುಷಿಯಿಂದ ಹೇಳುತ್ತಾರೆ. ರೂಮಿಗೆ ಹೋದ ಮೇಲೆ ಬ್ಯಾಗನ್ನು ಹಾಸಿಗೆ ಮೇಲೆ ಇಡುವ ಮೊದಲು ಚಾದರದ ಮೂಲೆ ಎತ್ತಿ ಹೊಲಿಗೆಯ ಸಾಲು ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ತಿಗಣೆ ಇದೆ ಅಂತ ಅರ್ಥ. ಹಳೇ ಮರದ ಮಂಚದ ಸಂದುಗಳೂ ಅವುಗಳಿಗೆ ಇಷ್ಟ. ಬೇರೆ ರೂಮು ಕೇಳಿ. ಆಮೇಲೆ ಅಂಗೈಯನ್ನು ಹಾಸಿಗೆಗೆ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ತೇವ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಮೊದಲ ರಾತ್ರಿ ನಿದ್ದೆ ಅಷ್ಟು ಗಾಢ ಬರದೇ ಇರಬಹುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರವಾಗುವಂತೆ ಕಾವಲು ಇರುತ್ತದೆ. ಕೆಲವು ದಿನ ಕಳೆದ ಮೇಲೆ ಪರೀಕ್ಷಿಸಿದಾಗ ಆ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಮೂರು ಊರಿನಲ್ಲಿ ಮೂರು ಹೋಟೆಲ್ ಅಂತ ಓಡುವ ಬದಲು ಒಂದೇ ಕಡೆ ಎರಡು ಮೂರು ರಾತ್ರಿ ಉಳಿಯಿರಿ. ಮನೆಯಲ್ಲಿ ದಿನಾ ಬಳಸುವ ದಿಂಬಿನ ಕವರನ್ನೂ ಜೊತೆಗೆ ಒಯ್ಯಿರಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮುಚ್ಚಿ ಒಪ್ಪ ಮಾಡಬೇಡಿ, ಹೊದಿಕೆಯನ್ನು ಕಾಲಿನ ಕಡೆಗೆ ಸರಿಸಿ, ಕಿಟಕಿ ತೆಗೆದು, ತಿಂಡಿಗೆ ಹೋಗಿ. ಮಳೆ ಸುರಿಯುತ್ತಿದ್ದರೆ ಕಿಟಕಿ ಬೇಡ, ಫ್ಯಾನು ಹಾಕಿಡಿ.